ಯಾವಾಗ ದಣಿಯಬೇಕು, ಯಾವಾಗ ಚೇತರಿಸಿಕೊಳ್ಳಬೇಕು: ಕ್ರೀಡಾಪಟುಗಳಿಗೊಂದು ಕೈಪಿಡಿ

ವೇಟ್ ಟ್ರೈನಿಂಗ್ ಮುಗಿಸಿ ನೇರವಾಗಿ ಐಸ್ ನೀರಿಗೆ ಇಳಿಯುವವರು ಮರುದಿನ ಮೈಕೈ ನೋವು ಕಡಿಮೆ ಎನ್ನುತ್ತಾರೆ. ಅದು ನಿಜ. ಆದರೆ 2015ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗವೊಂದರಲ್ಲಿ ಬೇರೆಯದೇ ಚಿತ್ರ ಕಂಡಿತು. ಪ್ರತಿ ವ್ಯಾಯಾಮದ ಬಳಿಕ 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷ ಕೂತವರಿಗೆ ಸ್ನಾಯುವಿನ ಗಾತ್ರವೂ ಬಲವೂ ಹೆಚ್ಚಿದ್ದು ಕಡಿಮೆ. ವ್ಯಾಯಾಮ ಮುಗಿಸಿ ನಿಧಾನವಾಗಿ ಸೈಕಲ್ ತುಳಿದವರಿಗೆ ಹೆಚ್ಚು. ನೋವಿನ ಜೊತೆಗೆ ಗಳಿಕೆಯೂ ಕರಗಿತ್ತು.

ಚೇತರಿಕೆಯ ವಿಷಯದಲ್ಲಿ ಮೊದಲು ಮನಸ್ಸಿಗೆ ಬರಬೇಕಾದದ್ದು ಇದೇ. ಕಠಿಣ ಅಭ್ಯಾಸ ದೇಹದ ಸಮತೋಲನ ಕೆಡಿಸುತ್ತದೆ. ಕೆಟ್ಟದ್ದನ್ನು ಸರಿಪಡಿಸುವಾಗ ದೇಹ ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಉರಿಯೂತ, ದಣಿವು, ನೋವು ಇವೆಲ್ಲ ಆ ಕಟ್ಟುವಿಕೆಗೆ ಕರೆಗಂಟೆಗಳು. ಅವನ್ನು ತಕ್ಷಣ ಅಡಗಿಸಿದರೆ ಕರೆಯೂ ಅಡಗುತ್ತದೆ. ಹಾಗಾಗಿ ಯಾವ ಉಪಾಯವನ್ನೇ ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದು: ಈಗ ನಾನು ಕಟ್ಟುವ ಕಾಲದಲ್ಲಿದ್ದೇನೆಯೇ, ಸ್ಪರ್ಧಿಸುವ ಕಾಲದಲ್ಲಿದ್ದೇನೆಯೇ? ಕಟ್ಟುವ ಕಾಲದಲ್ಲಿ ದಣಿವನ್ನು ಸಹಿಸಬೇಕು, ಸ್ಪರ್ಧೆಯ ಕಾಲದಲ್ಲಿ ಅದನ್ನು ಇಳಿಸಬೇಕು. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಎರಡು ವಾರ ಏನನ್ನೂ ಬದಲಿಸದೆ ಅಳೆಯಿರಿ

ಹೊಸ ಪುಡಿ, ಹೊಸ ಬೂಟು, ಹೊಸ ವೇಳಾಪಟ್ಟಿ ಯಾವುದೂ ಬೇಡ. ಬೇಕಾದದ್ದು ಒಂದು ನೋಟ್‌ಬುಕ್, 100 ಗ್ರಾಂ ವ್ಯತ್ಯಾಸ ತೋರಿಸುವ ತೂಕದ ಯಂತ್ರ, ಒಂದು ಫೋನ್.

ಬೆಳಿಗ್ಗೆ ಎದ್ದು ಮೂತ್ರ ವಿಸರ್ಜಿಸಿದ ಮೇಲೆ, ಏನನ್ನೂ ತಿನ್ನುವ ಕುಡಿಯುವ ಮುನ್ನ ತೂಕ ನೋಡಿ. ನಂತರ ನಿದ್ದೆಯ ಗುಣಮಟ್ಟ, ದಣಿವು, ಸ್ನಾಯು ನೋವು, ಒತ್ತಡ, ಮನಃಸ್ಥಿತಿ ಈ ಐದಕ್ಕೂ 1ರಿಂದ 5ರವರೆಗೆ ಅಂಕ ಕೊಡಿ. ಐದಕ್ಕೂ 5 ಎಂದರೆ ಒಳ್ಳೆಯದು ಎಂದೇ ಇಟ್ಟುಕೊಳ್ಳಿ. ಒಂದರಲ್ಲಿ 5 ಒಳ್ಳೆಯದು, ಇನ್ನೊಂದರಲ್ಲಿ 5 ಕೆಟ್ಟದ್ದು ಎಂದಾದರೆ ಒಟ್ಟು ಅಂಕಕ್ಕೆ ಅರ್ಥವೇ ಇರುವುದಿಲ್ಲ. ಈ ಪ್ರಶ್ನೆಗಳು ತೀರಾ ಸರಳ ಎಂದು ಅನೇಕ ಕೋಚ್‌ಗಳು ಪಕ್ಕಕ್ಕಿಡುತ್ತಾರೆ. ಆದರೆ ಅಭ್ಯಾಸದ ಹೊರೆ ಏರಿದ್ದನ್ನು ಹಿಡಿಯುವುದರಲ್ಲಿ ಇಂಥ ಸ್ವಂತ ವರದಿಗಳು ಅನೇಕ ರಕ್ತಪರೀಕ್ಷೆಗಳಿಗಿಂತ ಚುರುಕು ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ವಾರಕ್ಕೆ ಮೂರು ದಿನ ಜಿಗಿತ ಪರೀಕ್ಷೆ ಮಾಡಿ. ಅದೇ ಹೊತ್ತು, ಅದೇ ಬೂಟು, ಅದೇ ವಾರ್ಮ್‌ಅಪ್ ಇರಲಿ. ಎರಡೂ ಕೈ ಸೊಂಟದ ಮೇಲಿಟ್ಟು, ಮಂಡಿ ಬಗ್ಗಿಸಿ, ತಡೆಯದೆ ಮೇಲಕ್ಕೆ ಜಿಗಿಯಿರಿ. ಮೂರು ಸಲ ಜಿಗಿದು ಸರಾಸರಿ ಬರೆದುಕೊಳ್ಳಿ. ಅತ್ಯುತ್ತಮ ಜಿಗಿತಕ್ಕಿಂತ ಸರಾಸರಿ ಹೆಚ್ಚು ಸ್ಥಿರ. ಗಾಳಿಯಲ್ಲಿದ್ದ ಹೊತ್ತಿನಿಂದ ಎತ್ತರ ಲೆಕ್ಕ ಹಾಕುವ ಫೋನ್ ಆ್ಯಪ್ ಬಳಸುವುದಾದರೆ ಒಂದು ಎಚ್ಚರ: ಗಾಳಿಯಲ್ಲಿ ಮಂಡಿ ಮಡಚಿಕೊಂಡು ಇಳಿದರೆ ಎತ್ತರ ಸುಳ್ಳಾಗಿ ಹೆಚ್ಚುತ್ತದೆ.

ಈಗ ನಿಮ್ಮ ಏರಿಳಿತ ಎಷ್ಟೆಂದು ನೋಡಿ. ಆರು ಪರೀಕ್ಷೆಗಳಲ್ಲಿ 38.2, 37.5, 38.9, 38.0, 37.1, 38.7 ಸೆಂ.ಮೀ. ಬಂದಿವೆ ಎನ್ನೋಣ. ಸರಾಸರಿ 38.1, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) 0.7. ಅಂದರೆ ಏನೂ ಬದಲಾಗದಿದ್ದಾಗಲೂ ನಿಮ್ಮ ಜಿಗಿತ ಇಷ್ಟು ಅತ್ತಿತ್ತ ಆಡುತ್ತದೆ. ಹೊಸ ಪೂರಕ (ಸಪ್ಲಿಮೆಂಟ್) ತೆಗೆದುಕೊಂಡ ಮರುದಿನ 38.9 ಬಂದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ, ಅದನ್ನು ತೆಗೆದುಕೊಳ್ಳದೆಯೂ ಅಷ್ಟು ಬಂದಿತ್ತು. ಅದೇ ರೀತಿ 37.4ಕ್ಕೆ ಇಳಿದರೆ ಗಾಬರಿ ಬೇಡ. ಸರಾಸರಿಯಿಂದ ಎರಡು ಡೀವಿಯೇಷನ್ ಕೆಳಗೆ, ಅಂದರೆ 36.7ಕ್ಕೆ ಇಳಿದರೆ, ಅದರಲ್ಲೂ ಬೆಳಗಿನ ಅಂಕಗಳೂ ಜೊತೆಗೇ ಕುಸಿದಿದ್ದರೆ, ಆ ದಿನದ ಕಠಿಣ ಅಭ್ಯಾಸವನ್ನು ಹಗುರ ಮಾಡಿ. ಈ ಎರಡು ವಾರಗಳ ಲೆಕ್ಕ ಇಲ್ಲದೆ ಮುಂದಿನ ಯಾವ ಹಂತದ ಫಲವನ್ನೂ ಅಳೆಯಲಾಗದು. ಬಹುತೇಕ ಆಟಗಾರರು ಹಾರಿಬಿಡುವ ಹಂತವೂ ಇದೇ.

ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತ, ಅಂದರೆ ಎಚ್‌ಆರ್‌ವಿ ನೋಡುವವರು ಒಂದೇ ದಿನದ ಅಂಕೆ ಹಿಡಿದು ತೀರ್ಮಾನಿಸಬೇಡಿ. ಏಳು ದಿನಗಳ ಚಲಿಸುವ ಸರಾಸರಿ ನೋಡಿ. ಒಂದು ತಡರಾತ್ರಿ ಸಾಕು ಒಂದು ದಿನದ ಅಂಕೆ ನೆಲಕಚ್ಚಲು.

ಹಂತ 2: ಹೊರೆಯ ಲೆಕ್ಕ

ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಜನಪ್ರಿಯಗೊಳಿಸಿದ ವಿಧಾನ ಇಂದಿಗೂ ಅತ್ಯಂತ ಅಗ್ಗದ್ದು, ಉಪಯುಕ್ತವಾದದ್ದು. ಅಭ್ಯಾಸ ಮುಗಿದು ಸುಮಾರು 30 ನಿಮಿಷದ ಬಳಿಕ "ಇಡೀ ಸೆಷನ್ ಎಷ್ಟು ಕಷ್ಟವಾಗಿತ್ತು?" ಎಂದು ಕೇಳಿ, 0ರಿಂದ 10ರೊಳಗೆ ಅಂಕ ಪಡೆಯಿರಿ. ಅದನ್ನು ನಿಮಿಷಗಳಿಂದ ಗುಣಿಸಿ. 60 ನಿಮಿಷ, ಕಷ್ಟ 5 ಎಂದಾದರೆ ಹೊರೆ 300. ಅರ್ಧ ಗಂಟೆ ಕಾಯುವುದಕ್ಕೆ ಕಾರಣವಿದೆ: ಮುಗಿದ ಕೂಡಲೇ ಕೇಳಿದರೆ ಕೊನೆಯ ಐದು ನಿಮಿಷದ ಕಷ್ಟವೇ ಉತ್ತರವಾಗಿ ಬರುತ್ತದೆ. ತಂಡದಲ್ಲಾದರೆ ಒಬ್ಬೊಬ್ಬರನ್ನೇ ಕೇಳಿ. ಪಕ್ಕದವರು 4 ಅಂದಾಗ ತನಗೆ 7 ಅನಿಸಿದರೂ ಹೇಳಲು ಹುಡುಗರು ಹಿಂಜರಿಯುತ್ತಾರೆ.

ಸೋಮವಾರದಿಂದ ಭಾನುವಾರದವರೆಗೆ 300, 540, 135, 525, 0, 600, 80 ಬಂದಿದೆ ಎಂದುಕೊಳ್ಳಿ. ಒಟ್ಟು 2180, ದಿನದ ಸರಾಸರಿ 311, ಸ್ಟ್ಯಾಂಡರ್ಡ್ ಡೀವಿಯೇಷನ್ 246. ಸರಾಸರಿಯನ್ನು ಡೀವಿಯೇಷನ್‌ನಿಂದ ಭಾಗಿಸಿದರೆ 1.27. ಫಾಸ್ಟರ್ ಇದನ್ನು ಏಕತಾನತೆಯ ಅಳತೆ ಎಂದರು. ಇನ್ನೊಬ್ಬ ಆಟಗಾರ್ತಿಗೆ 300, 320, 330, 290, 310, 320, 310 ಬಂದಿದೆ. ಒಟ್ಟು ಅದೇ 2180. ಆದರೆ ಡೀವಿಯೇಷನ್ ಬರೀ 13, ಏಕತಾನತೆ 23! ಮೊದಲನೆಯವರಿಗೆ ನಿಜವಾದ ಕಷ್ಟದ ದಿನಗಳೂ ಇವೆ, ನಿಜವಾದ ವಿಶ್ರಾಂತಿಯೂ ಇದೆ. ಎರಡನೆಯವರಿಗೆ ಎರಡೂ ಇಲ್ಲ. ಅಂಕೆ 2 ದಾಟಿದ ವಾರಗಳನ್ನು ಅನುಮಾನದಿಂದ ನೋಡಿ. ಏಕತಾನದ ಭಾರೀ ವಾರಗಳ ಬೆನ್ನಿಗೆ ಶೀತ, ಜ್ವರದಂಥ ಕಾಯಿಲೆಗಳು ಹೆಚ್ಚುವುದನ್ನು ಫಾಸ್ಟರ್ 1998ರಲ್ಲೇ ವರದಿ ಮಾಡಿದ್ದರು.

ಈ ವಾರದ ಹೊರೆಯನ್ನು ಕಳೆದ ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸಿ, 0.8ರಿಂದ 1.3ರ ನಡುವೆ ಇದ್ದರೆ ಗಾಯವಾಗದು ಎನ್ನುವ ಸೂತ್ರವೂ ಬಹಳ ಹರಿದಾಡಿದೆ. ಅದನ್ನು ಭವಿಷ್ಯವಾಣಿಯಂತೆ ನಂಬಬೇಡಿ. ಈ ವಾರದ ಅಂಕೆ ಭಾಜಕದಲ್ಲೂ ಸೇರಿರುವುದರಿಂದ ಲೆಕ್ಕವೇ ತನ್ನೊಳಗೆ ಸಿಕ್ಕಿಕೊಳ್ಳುತ್ತದೆ ಎಂಬ ಗಂಭೀರ ಟೀಕೆ ಇದೆ. ಹೊರೆಯನ್ನು ಥಟ್ಟನೆ ಏರಿಸಬೇಡಿ ಎಂಬ ಸಾಮಾನ್ಯ ತಿಳಿವಳಿಕೆಯನ್ನಷ್ಟೇ ಅದರಿಂದ ಉಳಿಸಿಕೊಳ್ಳಿ.

ಹಂತ 3: ನಿದ್ದೆ

2011ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶೆರಿ ಮಾ ಮತ್ತು ಸಂಗಡಿಗರು 11 ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ರಾತ್ರಿ 10 ಗಂಟೆ ಹಾಸಿಗೆಯಲ್ಲಿರುವ ಗುರಿ ಕೊಟ್ಟರು. ಐದರಿಂದ ಏಳು ವಾರಗಳಲ್ಲಿ ಸ್ಪ್ರಿಂಟ್ ಸಮಯ 16.2ರಿಂದ 15.5 ಸೆಕೆಂಡಿಗೆ ಇಳಿಯಿತು, ಫ್ರೀ ಥ್ರೋ ಗುರಿ ಶೇ 9ರಷ್ಟು ಸುಧಾರಿಸಿತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ ಸುಧಾರಣೆಯೆಲ್ಲ ನಿದ್ದೆಯದ್ದೇ ಎನ್ನಲಾಗದು. ಆದರೂ ಇಷ್ಟು ಕಡಿಮೆ ಅಪಾಯದ ಉಪಾಯ ಇನ್ನೊಂದಿಲ್ಲ, ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ.

ಏಳುವ ಹೊತ್ತನ್ನು ವಾರದ ಏಳೂ ದಿನ ಒಂದೇ ಇಡಿ. ಮಲಗುವ ಹೊತ್ತನ್ನು ಪ್ರತಿ ಮೂರು ದಿನಕ್ಕೆ 15 ನಿಮಿಷ ಹಿಂದಕ್ಕೆ ಸರಿಸುತ್ತ ಹೋಗಿ. ಒಮ್ಮೆಲೇ ಎರಡು ಗಂಟೆ ಮುಂಚೆ ಮಲಗಿದರೆ ಹೊರಳಾಡುವುದಷ್ಟೇ ಆಗುತ್ತದೆ. ಮಧ್ಯಾಹ್ನ ಕಣ್ಣು ಮುಚ್ಚುವುದಾದರೆ 20ರಿಂದ 30 ನಿಮಿಷ ಸಾಕು. ಎದ್ದ ಮೇಲೆ ಅಭ್ಯಾಸಕ್ಕೆ ಅರ್ಧ ಗಂಟೆಯಾದರೂ ಅಂತರವಿರಲಿ. ಸಂಜೆಯ ಕಾಫಿಯ ಬಗ್ಗೆ ಕಟ್ಟುನಿಟ್ಟಾಗಿರಿ: ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿ.ಗ್ರಾಂ ಕೆಫೀನ್ ಕೂಡ ನಿದ್ದೆಯನ್ನು ಒಂದು ಗಂಟೆಗೂ ಹೆಚ್ಚು ಕತ್ತರಿಸಿದ್ದನ್ನು 2013ರ ಅಧ್ಯಯನವೊಂದು ತೋರಿಸಿದೆ.

ಹಂತ 4: ಊಟ, ನೀರು

ಮೊದಲ ಪ್ರಶ್ನೆ ಪ್ರೋಟೀನ್‌ನದ್ದಲ್ಲ, ಒಟ್ಟು ಶಕ್ತಿಯದ್ದು. ತಿಂದ ಕ್ಯಾಲೊರಿಯಿಂದ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು, ಕೊಬ್ಬು ಬಿಟ್ಟ ದೇಹತೂಕದಿಂದ ಭಾಗಿಸಿ. 2400 ತಿಂದು 800 ಖರ್ಚು ಮಾಡಿದ, 50 ಕೆ.ಜಿ. ಕೊಬ್ಬುರಹಿತ ತೂಕದವರಿಗೆ 32 ಉಳಿಯುತ್ತದೆ. ಸುಮಾರು 45 ಇದ್ದರೆ ಚೆನ್ನ. 30ರ ಕೆಳಗೆ ದಿನಗಟ್ಟಲೆ ಇದ್ದರೆ ಹಾರ್ಮೋನುಗಳು ಏರುಪೇರಾಗತೊಡಗುತ್ತವೆ. 30 ಎಂಬುದು ಗೆರೆ ಎಳೆದಂಥ ಮಿತಿಯಲ್ಲ, ಒಬ್ಬೊಬ್ಬರಿಗೆ ಒಂದೊಂದು ರೀತಿ. ಮುಟ್ಟು ನಿಲ್ಲುವುದು ಅಥವಾ ಏರುಪೇರಾಗುವುದು, ಮೂಳೆಯಲ್ಲಿ ಮತ್ತೆ ಮತ್ತೆ ಸಣ್ಣ ಬಿರುಕು, ಕಾರಣವಿಲ್ಲದೆ ಕುಸಿಯುವ ಪ್ರದರ್ಶನ ಇವು ಕಂಡರೆ ಲೆಕ್ಕ ಬಿಟ್ಟು ವೈದ್ಯರ ಬಳಿ ಹೋಗಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಯ ಕೊರತೆಯ ಸ್ಥಿತಿಗೆ ‘ರೆಡ್-ಎಸ್’ (RED-S) ಎಂದು ಹೆಸರಿಟ್ಟಾಗ ಪುರುಷರನ್ನೂ ಅದರಲ್ಲಿ ಸೇರಿಸಿತು. "ಹಗುರಾದಷ್ಟೂ ವೇಗ" ಎನ್ನುವ ಕೋಚ್‌ಗಳು ಇದನ್ನು ಓದಲೇಬೇಕು.

ಕಾರ್ಬೊಹೈಡ್ರೇಟ್ ದಿನದ ಕೆಲಸಕ್ಕೆ ತಕ್ಕಂತೆ ಏರಿಳಿಯಬೇಕು. ದಿನಕ್ಕೆ ಸುಮಾರು ಒಂದು ಗಂಟೆಯ ಅಭ್ಯಾಸಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 5ರಿಂದ 7 ಗ್ರಾಂ, ಒಂದರಿಂದ ಮೂರು ಗಂಟೆಗೆ 6ರಿಂದ 10 ಗ್ರಾಂ. ಒಂದೇ ದಿನ ಎರಡು ಪಂದ್ಯಗಳಿದ್ದು ನಡುವಿನ ಅಂತರ ಎಂಟು ಗಂಟೆಗಿಂತ ಕಡಿಮೆ ಇದ್ದರೆ, ಮೊದಲ ನಾಲ್ಕು ಗಂಟೆ ಪ್ರತಿ ಗಂಟೆಗೆ ಕೆ.ಜಿ.ಗೆ 1ರಿಂದ 1.2 ಗ್ರಾಂ ತಿನ್ನಿ. 60 ಕೆ.ಜಿ. ತೂಕದವರಿಗೆ ಗಂಟೆಗೆ 60ರಿಂದ 72 ಗ್ರಾಂ. ಅಂತರ ಇಡೀ ದಿನದ್ದಾದರೆ ಈ ಅವಸರ ಬೇಡ, ದಿನದ ಒಟ್ಟು ಸರಿಯಿದ್ದರೆ ಸ್ನಾಯುವಿನ ಗ್ಲೈಕೋಜನ್, ಅಂದರೆ ಅಲ್ಲಿ ಕೂಡಿಟ್ಟ ಕಾರ್ಬೊಹೈಡ್ರೇಟ್, ಮತ್ತೆ ತುಂಬಿಕೊಳ್ಳುತ್ತದೆ.

ಎರಡೂವರೆ ಗಂಟೆ ಮೀರುವ ಸ್ಪರ್ಧೆಗಳಲ್ಲಿ ಓಡುತ್ತಲೇ ಗಂಟೆಗೆ 90 ಗ್ರಾಂವರೆಗೂ ತೆಗೆದುಕೊಳ್ಳಬಹುದು, ಆದರೆ ಗ್ಲೂಕೋಸ್ ಒಂದರಿಂದಲೇ ಅಲ್ಲ. ಕರುಳಿನಲ್ಲಿ ಗ್ಲೂಕೋಸ್ ಒಳಹೋಗುವ ಬಾಗಿಲು ಗಂಟೆಗೆ ಸುಮಾರು 60 ಗ್ರಾಂಗೆ ತುಂಬಿಹೋಗುತ್ತದೆ. ಫ್ರಕ್ಟೋಸ್‌ಗೆ ಬೇರೆ ಬಾಗಿಲಿದೆ. ಎರಡೂ ಸೇರಿದ ಪಾನೀಯವನ್ನು ಅಭ್ಯಾಸದ ದಿನಗಳಲ್ಲಿ ಗಂಟೆಗೆ 40 ಗ್ರಾಂನಿಂದ ಶುರುಮಾಡಿ ವಾರವಾರ ಏರಿಸಿ. ಸ್ಪರ್ಧೆಯ ದಿನವೇ ಮೊದಲ ಸಲ 90 ಗ್ರಾಂ ಕುಡಿದವರಿಗೆ ಹೊಟ್ಟೆ ಉಬ್ಬರ, ವಾಂತಿ ಸಾಮಾನ್ಯ.

ಪ್ರೋಟೀನ್ ದಿನಕ್ಕೆ ಕೆ.ಜಿ.ಗೆ ಸುಮಾರು 1.6 ಗ್ರಾಂ. ಅದನ್ನು ನಾಲ್ಕು ಹೊತ್ತಿಗೆ ಹಂಚಿ. ವ್ಯಾಯಾಮ ಮುಗಿದ ಅರ್ಧ ಗಂಟೆಯಲ್ಲೇ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂಬ ಭಯ ಬೇಡ.

ನೀರಿಗೆ ಎಲ್ಲರಿಗೂ ಹೊಂದುವ ಅಂಕೆ ಇಲ್ಲ, ನಿಮ್ಮ ಬೆವರನ್ನು ನೀವೇ ಅಳೆಯಬೇಕು. ಅಭ್ಯಾಸಕ್ಕೆ ಮುನ್ನ ಒಳಉಡುಪಿನಲ್ಲಿ ತೂಕ 64.8 ಕೆ.ಜಿ., 75 ನಿಮಿಷದ ಬಳಿಕ ಬೆವರು ಒರೆಸಿಕೊಂಡು ಮತ್ತೆ ನೋಡಿದಾಗ 63.9. ನಡುವೆ ಕುಡಿದದ್ದು 0.6 ಲೀಟರ್. ಹೋದ ಬೆವರು 0.9 + 0.6 = 1.5 ಲೀಟರ್, ಗಂಟೆಗೆ 1.2 ಲೀಟರ್. ನಡುವೆ ಮೂತ್ರಕ್ಕೆ ಹೋಗಿದ್ದರೆ ಅದನ್ನು ಕಳೆಯಿರಿ. ಮುಂದಿನ ಕೆಲವು ಗಂಟೆಗಳಲ್ಲಿ, ಇಳಿದ ಪ್ರತಿ ಕೆ.ಜಿ.ಗೆ 1.25ರಿಂದ 1.5 ಲೀಟರ್ ನೀರನ್ನು ಉಪ್ಪಿರುವ ಆಹಾರದ ಜೊತೆ ಕುಡಿಯಿರಿ. ಬಿಸಿಲಿನ ದಿನಕ್ಕೂ ತಂಪು ದಿನಕ್ಕೂ ಬೇರೆ ಬೇರೆ ಅಳತೆ ಮಾಡಿಟ್ಟುಕೊಳ್ಳಿ. ಓಟದ ಕೊನೆಗೆ ತೂಕ ಹೆಚ್ಚಿದ್ದರೆ ಅದು ಅಪಾಯದ ಸೂಚನೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಯ ರಕ್ತದಲ್ಲಿ ಸೋಡಿಯಂ ಕುಸಿದಿತ್ತು. ದಾರಿಯುದ್ದಕ್ಕೂ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಹೆಚ್ಚಾಗಿ ಕಂಡಿತು. ಇದು ಪ್ರಾಣಕ್ಕೂ ಎರವಾಗಬಹುದು.

ಹಂತ 5: ಐಸ್ ನೀರು, ಮಾತ್ರೆ, ಮಸಾಜ್

ಹೊಸ ಅಥವಾ ಕಠಿಣ ವ್ಯಾಯಾಮದ ನಂತರದ ನೋವು 24ರಿಂದ 72 ಗಂಟೆಗಳ ನಡುವೆ ತುದಿ ಮುಟ್ಟುತ್ತದೆ. ಅದು ಲ್ಯಾಕ್ಟಿಕ್ ಆಮ್ಲದಿಂದ ಬರುವುದಲ್ಲ. ಆ ಆಮ್ಲ ದೇಹದಲ್ಲಿರುವ ರೂಪವಾದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಮರಳಿರುತ್ತದೆ. ಇಳಿಜಾರಿನಲ್ಲಿ ಓಡುವಾಗ, ಭಾರ ಇಳಿಸುವಾಗ ಸ್ನಾಯು ಹಿಗ್ಗುತ್ತಲೇ ಬಲ ಹಾಕಬೇಕಾಗುತ್ತದೆ. ಆಗ ಆಗುವ ಅತಿ ಸಣ್ಣ ಹಾನಿ, ಅದರ ಹಿಂದೆ ಬರುವ ಉರಿಯೂತ ಈ ನೋವಿಗೆ ಕಾರಣ. ಹಾಗಾಗಿ "ಲ್ಯಾಕ್ಟಿಕ್ ಆಮ್ಲ ಹೊರಹಾಕುವ" ಮಸಾಜ್, ಪಾನೀಯ ಎಂಬ ಜಾಹೀರಾತುಗಳನ್ನು ಅಲ್ಲಿಗೇ ಬಿಡಿ. ಮಸಾಜ್ ನೋವಿನ ಅನುಭವವನ್ನು ಕಡಿಮೆ ಮಾಡುತ್ತದೆ, ಅದಕ್ಕಾಗಿ ಮಾಡಿಸಿಕೊಳ್ಳಬಹುದು. ಸ್ಟ್ರೆಚಿಂಗ್ ಮಾತ್ರ ಈ ನೋವನ್ನು ಗಣನೀಯವಾಗಿ ತಗ್ಗಿಸುವುದಿಲ್ಲ. ಅದೇ ವ್ಯಾಯಾಮವನ್ನು ಒಂದೆರಡು ವಾರದ ಬಳಿಕ ಮತ್ತೆ ಮಾಡಿದರೆ ನೋವು ಬಹಳಷ್ಟು ತಗ್ಗಿರುತ್ತದೆ. ಆದ್ದರಿಂದ ಹೊಸ ವ್ಯಾಯಾಮವನ್ನು ಅರ್ಧ ಪ್ರಮಾಣದಲ್ಲಿ ಶುರುಮಾಡುವುದೇ ದೊಡ್ಡ ಮದ್ದು.

ತಣ್ಣೀರನ್ನು ಎಲ್ಲಿ ಬಳಸಬೇಕು? ಒಂದರ ಹಿಂದೊಂದು ಪಂದ್ಯ ಇರುವ ಟೂರ್ನಿಯಲ್ಲಿ, ಪಂದ್ಯ ಮುಗಿದ ಒಂದು ಗಂಟೆಯೊಳಗೆ. ಅಲ್ಲಿ ನಾಳೆ ಕಾಲು ಹಗುರಾಗಿರುವುದು ಮುಖ್ಯ, ಮೂರು ತಿಂಗಳ ಬಳಿಕದ ಸ್ನಾಯು ಗಾತ್ರವಲ್ಲ. ನೀರು 10ರಿಂದ 15 ಡಿಗ್ರಿ ಇರಲಿ, ಥರ್ಮಾಮೀಟರ್‌ನಲ್ಲಿ ನೋಡಿ. ಸೊಂಟದವರೆಗೆ, 10ರಿಂದ 15 ನಿಮಿಷ. ಇದಕ್ಕಿಂತ ತಣ್ಣಗಿದ್ದರೆ ಲಾಭ ಹೆಚ್ಚುವುದಿಲ್ಲ, ಉಸಿರು ಸಿಕ್ಕಿಕೊಳ್ಳುವ ಅಪಾಯ ಹೆಚ್ಚುತ್ತದೆ. ಒಬ್ಬರೇ ಇಳಿಯಬೇಡಿ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಲೇಬೇಡಿ. ಅರ್ಧ ಗಂಟೆಯಲ್ಲಿ ಮತ್ತೆ ಸ್ಪ್ರಿಂಟ್ ಓಡಬೇಕಿದ್ದರೂ ಬೇಡ, ತಣ್ಣಗಾದ ಸ್ನಾಯು ವೇಗವಾಗಿ ಬಲ ಹಾಕಲಾರದು. ಬಲ ಕಟ್ಟುವ ಋತುವಿನಲ್ಲಿ ವೇಟ್ ಟ್ರೈನಿಂಗ್ ಬಳಿಕ ತಣ್ಣೀರು ಬಿಟ್ಟುಬಿಡಿ.

ನೋವು ನಿವಾರಕ ಮಾತ್ರೆಗಳ ಕಥೆಯೂ ಇದೇ. ಎಂಟು ವಾರ ದಿನಕ್ಕೆ 1200 ಮಿ.ಗ್ರಾಂ ಐಬುಪ್ರೊಫೇನ್ ತೆಗೆದುಕೊಂಡ ಯುವಜನರಲ್ಲಿ ತೊಡೆಯ ಸ್ನಾಯುವಿನ ಬೆಳವಣಿಗೆ, ಕಡಿಮೆ ಪ್ರಮಾಣದ ಆ್ಯಸ್ಪಿರಿನ್ ತೆಗೆದುಕೊಂಡವರ ಅರ್ಧದಷ್ಟಿತ್ತು. ದಿನಕ್ಕೆ 1000 ಮಿ.ಗ್ರಾಂ ವಿಟಮಿನ್ ಸಿ ಜೊತೆಗೆ ವಿಟಮಿನ್ ಇ ನುಂಗಿದವರಲ್ಲಿ, ಸಹನಶಕ್ತಿಯ ತರಬೇತಿಯಿಂದ ಸ್ನಾಯುಕೋಶಗಳೊಳಗೆ ಆಗಬೇಕಾದ ಕೆಲವು ಬದಲಾವಣೆಗಳು ಮಂದವಾದವು. ಗಾಯಕ್ಕೆ ವೈದ್ಯರು ಬರೆದುಕೊಟ್ಟ ಮಾತ್ರೆ ಬೇರೆ ಮಾತು. ನಾಳೆ ನೋಯದಿರಲಿ ಎಂದು ಇಂದೇ ನುಂಗುವುದು ಬೇಡ.

ಹಂತ 6: ಪೂರಕವನ್ನು ಪರೀಕ್ಷಿಸಿಯೇ ಒಪ್ಪಿಕೊಳ್ಳಿ

ಒಲಿಂಪಿಕ್ ಸಮಿತಿಯ 2018ರ ತಜ್ಞರ ಹೇಳಿಕೆಯಲ್ಲಿ ಪ್ರದರ್ಶನವನ್ನು ನೇರವಾಗಿ ಹೆಚ್ಚಿಸಬಲ್ಲವು ಎಂದು ಸಾಕಷ್ಟು ಪುರಾವೆ ಸಿಕ್ಕಿದ್ದು ಬೆರಳೆಣಿಕೆಯಷ್ಟಕ್ಕೆ: ಕೆಫೀನ್, ಕ್ರಿಯಾಟಿನ್, ನೈಟ್ರೇಟ್, ಬೀಟಾ ಅಲನಿನ್, ಸೋಡಿಯಂ ಬೈಕಾರ್ಬನೇಟ್. ಪ್ರತಿಯೊಂದಕ್ಕೂ ಒಂದೊಂದು ತೊಡಕಿದೆ. ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ಸಾಕು, ಆದರೆ ತೂಕ ಒಂದು ಕೆ.ಜಿ.ಯಷ್ಟು ಏರಬಹುದು, ತೂಕದ ವರ್ಗಗಳಲ್ಲಿ ಸ್ಪರ್ಧಿಸುವವರು ಗಮನಿಸಬೇಕು. ಬೀಟ್‌ರೂಟ್ ರಸದ ನೈಟ್ರೇಟ್ ಕೆಲಸ ಮಾಡಲು ಬಾಯಿಯ ಬ್ಯಾಕ್ಟೀರಿಯಾ ಬೇಕು. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಬಳಸಿದರೆ ಫಲ ಸಿಗದು. ಬೈಕಾರ್ಬನೇಟ್ ಅನೇಕರ ಹೊಟ್ಟೆ ಕೆಡಿಸುತ್ತದೆ.

ಕೆಫೀನ್ ಪರೀಕ್ಷಿಸುವ ಕ್ರಮ ಹೀಗಿರಲಿ. ಪ್ರಮಾಣ ಕೆ.ಜಿ.ಗೆ 3 ಮಿ.ಗ್ರಾಂ, ಅಂದರೆ 60 ಕೆ.ಜಿ.ಗೆ 180. ನೋಡಲು ಒಂದೇ ಥರ ಇರುವ ಕೆಫೀನ್ ಕ್ಯಾಪ್ಸೂಲ್ ಮತ್ತು ಬರೀ ಪಿಷ್ಟ ತುಂಬಿದ ಕ್ಯಾಪ್ಸೂಲ್‌ಗಳನ್ನು ಗುರುತಿನ ಸಂಖ್ಯೆ ಹಾಕಿ ಇಡಲು ಇನ್ನೊಬ್ಬರಿಗೆ ಹೇಳಿ. ಯಾವುದು ಯಾವುದೆಂದು ನಿಮಗೂ ಸಮಯ ಬರೆದುಕೊಳ್ಳುವವರಿಗೂ ತಿಳಿಯಬಾರದು. ಮೂರು ದಿನ ಇದು, ಮೂರು ದಿನ ಅದು, ಚೀಟಿ ಎತ್ತಿ ಬಂದ ಕ್ರಮದಲ್ಲಿ. ಪ್ರತಿ ಪರೀಕ್ಷೆಯ ನಡುವೆ ಮೂರು ದಿನವಾದರೂ ಇರಲಿ. ಪರೀಕ್ಷೆಗೆ ಒಂದು ಗಂಟೆ ಮೊದಲು ನುಂಗಿ, ಅದೇ ದೂರ ಓಡಿ. ಆರೂ ಮುಗಿದ ಮೇಲೆ ಚೀಟಿ ಬಿಚ್ಚಿ, ಎರಡು ಸರಾಸರಿಗಳ ಅಂತರವನ್ನು ಆ ಓಟದಲ್ಲಿ ನಿಮಗಿರುವ ಸಹಜ ಏರಿಳಿತದ ಪಕ್ಕ ಇಟ್ಟು ನೋಡಿ. ಅಂತರ ಅದರೊಳಗೇ ಮುಳುಗಿದ್ದರೆ ಇನ್ನಷ್ಟು ಸಲ ಪರೀಕ್ಷಿಸಿ, ಇಲ್ಲವೇ ಬಿಟ್ಟುಬಿಡಿ. ಎದೆಬಡಿತ ಜೋರಾದರೆ, ಆ ರಾತ್ರಿ ನಿದ್ದೆ ಕೆಟ್ಟರೆ ಅದನ್ನೂ ಬರೆಯಿರಿ. ವಯಸ್ಕರಲ್ಲದ ಆಟಗಾರರ ಮೇಲೆ ಈ ಪರೀಕ್ಷೆ ಬೇಡ.

ಡಬ್ಬಿ ಕೊಳ್ಳುವ ಮೊದಲು ಇನ್ನೊಂದು ಮಾತು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ 634 ಪೂರಕಗಳ ಪೈಕಿ 94ರಲ್ಲಿ ಲೇಬಲ್‌ನಲ್ಲಿ ಇರದ ಸ್ಟಿರಾಯ್ಡ್ ಪೂರ್ವವಸ್ತುಗಳು, ಅಂದರೆ ದೇಹದೊಳಗೆ ಸ್ಟಿರಾಯ್ಡ್ ಆಗಿ ಮಾರ್ಪಡುವ ವಸ್ತುಗಳು ಸಿಕ್ಕವು. ಡೋಪಿಂಗ್ ನಿಯಮದಲ್ಲಿ "ನನಗೆ ಗೊತ್ತಿರಲಿಲ್ಲ" ಎಂದರೆ ಉಲ್ಲಂಘನೆ ಅಳಿಸಿಹೋಗುವುದಿಲ್ಲ. ದೇಹದಲ್ಲಿ ಸಿಕ್ಕದ್ದಕ್ಕೆ ಆಟಗಾರರೇ ಹೊಣೆ. ಸ್ವತಂತ್ರ ಪ್ರಯೋಗಾಲಯ ಬ್ಯಾಚ್ ಬ್ಯಾಚ್ ಆಗಿ ಪರೀಕ್ಷಿಸಿದ ಉತ್ಪನ್ನ ಮಾತ್ರ ಕೊಳ್ಳಿ, ಬ್ಯಾಚ್ ಸಂಖ್ಯೆ ಬರೆದಿಡಿ, ಬಳಸಿದ ಡಬ್ಬಿಯಲ್ಲಿ ಸ್ವಲ್ಪ ಉಳಿಸಿಕೊಳ್ಳಿ.

ಹಂತ 7: ಮುಖ್ಯ ಸ್ಪರ್ಧೆಗೆ ಎರಡು ವಾರ ಮುಂಚೆ

ಈಗ ದಣಿವನ್ನು ಇಳಿಸುವ ಹೊತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯ ಪ್ರಕಾರ ಹೆಚ್ಚು ಫಲ ಕೊಟ್ಟದ್ದು ಸುಮಾರು ಎರಡು ವಾರಗಳಲ್ಲಿ ಅಭ್ಯಾಸದ ಪ್ರಮಾಣವನ್ನು ಶೇ 41ರಿಂದ 60ರಷ್ಟು ತಗ್ಗಿಸಿ, ತೀವ್ರತೆಯನ್ನು ಹಾಗೇ ಉಳಿಸಿಕೊಂಡದ್ದು. ವಾರಕ್ಕೆ 80 ಕಿ.ಮೀ. ಓಡುವವರು ಮೊದಲ ವಾರ 55, ಎರಡನೆಯ ವಾರ 35ಕ್ಕೆ ಇಳಿಸಬಹುದು. ಸ್ಪರ್ಧೆಯ ವೇಗದ ಓಟಗಳು ಇರಲೇಬೇಕು, ಆದರೆ ಆರರ ಬದಲು ಮೂರು ಸಲ. ಅಭ್ಯಾಸದ ದಿನಗಳ ಸಂಖ್ಯೆಯನ್ನೂ ಹೆಚ್ಚು ಕತ್ತರಿಸಬೇಡಿ. ಇಲ್ಲಿ ಆಗುವ ತಪ್ಪು ಎರಡು ಬಗೆ. ಕೆಲವರು ಕಿಲೋಮೀಟರ್ ಜೊತೆಗೆ ವೇಗವನ್ನೂ ಇಳಿಸಿ ಕಾಲು ಜಡ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಕಾಲು ಹಗುರಾದ ಖುಷಿಯಲ್ಲಿ ಹತ್ತನೆಯ ದಿನ ಪರೀಕ್ಷೆಗೆಂದು ಪೂರ್ತಿ ದೂರ ಓಡಿಬಿಡುತ್ತಾರೆ. ಜಿಗಿತ ಪರೀಕ್ಷೆ ಮುಂದುವರಿಸಿ. ಎರಡನೆಯ ವಾರದ ನಡುವೆ ಅಂಕೆ ನಿಮ್ಮ ಸರಾಸರಿಗಿಂತ ಮೇಲೇಳತೊಡಗಬೇಕು. ಮೇಲೇಳದಿದ್ದರೆ ಉಳಿದ ದಿನಗಳ ಪ್ರಮಾಣವನ್ನು ಇನ್ನೂ ಇಳಿಸಿ.

ಸ್ಪರ್ಧೆಯ ಹಿಂದಿನ ರಾತ್ರಿ ಬಹಳ ಜನರಿಗೆ ಸರಿಯಾಗಿ ನಿದ್ದೆ ಬರುವುದಿಲ್ಲ. ಅದಕ್ಕೆ ಹೆದರಿ ಮಾತ್ರೆ ನುಂಗಬೇಡಿ. ಹಿಂದಿನ ವಾರವೆಲ್ಲ ರಾತ್ರಿಗೆ ಅರ್ಧ, ಒಂದು ಗಂಟೆ ಹೆಚ್ಚು ಮಲಗಿರಿ, ಆ ಒಂದು ರಾತ್ರಿ ಕಣ್ಣು ಮುಚ್ಚಿಕೊಂಡು ಹಾಸಿಗೆಯಲ್ಲಿ ಇದ್ದರೆ ಸಾಕು.